ಹೇಮಂತದ ಲೇಪನ

ಸುಗಂಧವೆಂದರೆ ಹೂವು, ಹೂವೆಂದರೆ ವಸಂತ ಎಂಬ ಭಾವನೆ ನಮ್ಮ ಜನರಲ್ಲಿ ಬಲವಾಗಿ ಬೇರೂರಿದೆ. ಮಲ್ಲಿಗೆ, ಸಂಪಿಗೆ, ಕೇದಗೆಗಳ ನಾಡಿನಲ್ಲಿ ಹುಟ್ಟಿದವರಿಗೆ ಇದು ಸಹಜವೇ ಸರಿ. ಆದರೆ ಭಾರತದ ಸುಗಂಧದ್ರವ್ಯಗಳ ಹಳೆಯ ಪಟ್ಟಿಗಳನ್ನು ತೆರೆದು ನೋಡಿದರೆ ಅಲ್ಲಿ ಹೂವಿಗಿಂತ ಬೇರು, ತೊಗಟೆ, ಕಟ್ಟಿಗೆ, ಅಂಟು, ಮೃಗಮದಗಳ ಪಾಲೇ ದೊಡ್ಡದು. ಅವುಗಳಲ್ಲಿ ಬೆಲೆಯುಳ್ಳ ಹಲವು ದ್ರವ್ಯಗಳು ವರ್ಷದಲ್ಲಿ ಬಹುಕಾಲ ಹಿಮ ಹೊದ್ದಿರುವ ಬೆಟ್ಟಗಳಿಂದ ಬಂದವು. ಚಳಿಗಾಲದ ಬೆಟ್ಟಗಾಡನ್ನು ನೆನಪಿಗೆ ತರುವ ಅತ್ತರುಗಳನ್ನು ಇಂದು ಪಾಶ್ಚಾತ್ಯ ದೇಶಗಳಲ್ಲಿ ಹೊಸ ಷೋಕಿಯೆಂಬಂತೆ ಮಾರುತ್ತಾರೆ. ಹಿಮ ಬೀಳುವ ಕಾಡಿನ ಪರಿಮಳವನ್ನು ಮೈಗೆ ತೊಡುವ ವಾಡಿಕೆ ನಮ್ಮ ದೇಶದಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯದು. ಆ ಕಥೆಯ ಒಂದು ಮುಖ್ಯ ಪ್ರಕರಣ ನಡೆದದ್ದು, ಹಿಮವನ್ನು ಕಣ್ಣಿನಿಂದಲೂ ಕಾಣದ ನಮ್ಮ ಬಯಲುಸೀಮೆಯಲ್ಲಿಯೇ.

ಮಕ್ಕಳಿಗೆ ಭೂಗೋಳವನ್ನು ಕಲಿಸುವಾಗ ಹಿಮಾಲಯವು ಉತ್ತರದ ಕೊರೆಯುವ ಗಾಳಿಯನ್ನು ತಡೆದು ನಿಲ್ಲಿಸಿದ ಗೋಡೆಯೆಂದು ಹೇಳಿಕೊಡುತ್ತೇವೆ. ಆ ಗೋಡೆಯ ಮೈಯಿಂದ ಪರಿಮಳವು ಇಳಿದು ಬಂದ ದಾರಿಯನ್ನು ಮಾತ್ರ ಹೇಳುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಸಾವಿರ ಮೀಟರು ಏರಿದಲ್ಲಿಂದ ದೇವದಾರುವಿನ ಕಾಡು ತೊಡಗುತ್ತದೆ. ಆ ಮರದ ಎಣ್ಣೆಗಂಪು ನೂರಾರು ವರ್ಷ ಹೋದರೂ ಮಾಸುವುದಿಲ್ಲ, ಹುಳುವೂ ಅದರ ಹತ್ತಿರ ಸುಳಿಯುವುದಿಲ್ಲ. ಶ್ರೀನಗರದ ಜಾಮಾ ಮಸೀದಿಯ ಕಂಬಗಳು ಈ ಮರದವೇ. ಇನ್ನೂ ಮೇಲೆ, ಭೂರ್ಜವೃಕ್ಷ ಮತ್ತು ತಾಲೀಸದ ಕಾಡುಗಳಲ್ಲಿ ಕಸ್ತೂರಿಮೃಗ ಒಂಟಿಯಾಗಿ ತಿರುಗುತ್ತದೆ. ಕಾಡು ಮುಗಿದು ಕಲ್ಲು ಹುಲ್ಲುಗಳ ಇಳಿಜಾರು ಮೊದಲಾಗುವ ಕಡೆ, ಮೂರು ಸಾವಿರದಿಂದ ಐದು ಸಾವಿರ ಮೀಟರುಗಳ ನಡುವೆ, ಜಟಾಮಾಂಸಿ ನೆಲಕ್ಕಂಟಿಕೊಂಡು ಬೆಳೆಯುತ್ತದೆ. ಅದರ ಬೇರುಗಡ್ಡೆಯ ಸುತ್ತ ಕೆಂಗಂದು ನಾರು ಜಡೆಯಂತೆ ಕವಿದಿರುವುದರಿಂದಲೇ ಆ ಹೆಸರು. ಗಂಧಿಗೆ ಅಂಗಡಿಯಲ್ಲಿ ಅದನ್ನು ಕೊಂಡು ತಲೆಗೆ ಹಚ್ಚುವ ಎಣ್ಣೆಯಲ್ಲಿ ಕುದಿಸುವ ತಾಯಂದಿರು ನಮ್ಮಲ್ಲಿ ಇಂದಿಗೂ ಇದ್ದಾರೆ. ಕೋಷ್ಠವು ಕಾಶ್ಮೀರದ ಕಡೆಯ ಎತ್ತರದ ಇಳಿಜಾರುಗಳ ಗಿಡ. ಕಾಶ್ಮೀರದ ಶಾಲುಗಳಿಗೆ ನುಸಿ ಹತ್ತದಂತೆ ಅದರ ಬೇರನ್ನು ಮಡಿಕೆಗಳ ನಡುವೆ ಇಡುತ್ತಿದ್ದರು. ಕುಂಕುಮಕೇಸರಿಯನ್ನು ಕಾಡಿನ ವಸ್ತುವೆನ್ನಲಾಗದು. ಅದು ಪಾಂಪುರದ ಹೊಲಗಳ ಬೆಳೆ. ಆದರೂ ಬೆಟ್ಟದ ಕಸ್ತೂರಿಗೂ ಅದಕ್ಕೂ ಎಂದಿನಿಂದಲೂ ಜೊತೆ.

ಈ ವಸ್ತುಗಳ ವ್ಯಾಪಾರವು ಮೊದಲು ಸ್ಪಷ್ಟವಾಗಿ ಬೆಳಕಿಗೆ ಬರುವುದು ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ. ಗ್ರೀಕ್ ಭಾಷೆಯಲ್ಲಿ ಬರೆದ 'ಎರಿತ್ರಿಯನ್ ಸಮುದ್ರದ ಪೆರಿಪ್ಲಸ್' ಎಂಬ ನಾವಿಕರ ಕೈಪಿಡಿಯು ಸಿಂಧೂನದಿಯ ಮುಖದ ಬಂದರಿನಿಂದಲೂ ಭೃಗುಕಚ್ಛದಿಂದಲೂ ಕೋಷ್ಠ ಮತ್ತು ಜಟಾಮಾಂಸಿಗಳು ಹಡಗೇರುತ್ತಿದ್ದುದನ್ನು ಹೇಳುತ್ತದೆ. ಗಂಗಾಮುಖದಿಂದ ಬಂದ ಜಟಾಮಾಂಸಿ ಕೇರಳದ ಮುಜಿರಿಸ್ ಬಂದರಿನಲ್ಲಿಯೂ ದೊರೆಯುತ್ತಿತ್ತು. ಎರಡನೆಯ ಶತಮಾನದ್ದೆನ್ನಲಾದ ಒಂದು ಪಪೈರಸ್ ಪತ್ರ ಈಗ ವಿಯೆನ್ನಾದಲ್ಲಿದೆ. ಮುಜಿರಿಸಿನಿಂದ ಹೊರಟ ಹರ್ಮಪೊಲ್ಲೊನ್ ಎಂಬ ಹಡಗಿನಲ್ಲಿ ಗಂಗಾತೀರದ ಜಟಾಮಾಂಸಿಯ 60 ಪೆಟ್ಟಿಗೆಗಳಿದ್ದುವೆಂದು ಅದರಿಂದ ತಿಳಿಯುತ್ತದೆ. ಹಿಮಾಲಯದ ಬೇರು ಗಂಗೆಯುದ್ದಕ್ಕೂ ಇಳಿದು, ಕೇರಳವನ್ನು ಮುಟ್ಟಿ, ಅಲ್ಲಿಂದ ಅಲೆಕ್ಸಾಂಡ್ರಿಯಾಕ್ಕೆ ಹೋಯಿತೆಂದಾಯಿತು! ಅದೇ ಪೆರಿಪ್ಲಸ್ ಗ್ರಂಥವು ನಮ್ಮ ನೆರೆಯ ತೇರ್ ಗ್ರಾಮವನ್ನು ತಗರ ಎಂದು ಕರೆದು, ಅಲ್ಲಿಂದ ಬಟ್ಟೆಗಳು ಬಂಡಿಯ ಮೇಲೆ ಭೃಗುಕಚ್ಛಕ್ಕೆ ಹೋಗುತ್ತಿದ್ದುದನ್ನು ಹೇಳುತ್ತದೆ. ಹಿಮಾಲಯದ ಇನ್ನೊಂದು ಗಂಧಮೂಲದ ಹೆಸರೂ ತಗರ. ಬರಿಯ ಶಬ್ದಸಾಮ್ಯದಿಂದ ಚರಿತ್ರೆಯನ್ನು ಕಟ್ಟುವ ಚಪಲ ನಮ್ಮಲ್ಲಿ ಅನೇಕರಿಗುಂಟು. ನಾನು ಆ ದಾರಿಯನ್ನು ಹಿಡಿಯುವುದಿಲ್ಲ.

ರೋಮಿನ ಪ್ಲಿನಿಯು ಜಟಾಮಾಂಸಿಯ ಕಡ್ಡಿಯ ಬೆಲೆ ಪೌಂಡಿಗೆ 100 ದಿನಾರಿಗಳೆಂದು ಬರೆದಿಟ್ಟಿದ್ದಾನೆ. ಬೈಬಲ್ಲಿನಲ್ಲಿ ಒಬ್ಬ ಸ್ತ್ರೀಯು ಯೇಸುವಿನ ತಲೆಯ ಮೇಲೆ ಸುರಿದ ತೈಲವೂ ಇದರದೇ. ಮಾರಿದ್ದರೆ 300 ದಿನಾರಿಗಳಿಗೂ ಹೆಚ್ಚು ಬರುತ್ತಿತ್ತೆಂದು ಅಲ್ಲಿದ್ದವರು ಗೊಣಗಿದರಂತೆ. ಅದೇ ಗ್ರಂಥದ ಪ್ರಕಾರ ತೋಟದ ಕೂಲಿಯಾಳಿನ ಒಂದು ದಿನದ ಕೂಲಿ 1 ದಿನಾರಿ. ಅಂದರೆ ಆ ಭರಣಿಯಲ್ಲಿದ್ದುದು ಒಬ್ಬ ಬಡವನ ಒಂದು ವರ್ಷದ ದುಡಿಮೆ.

ಹೊರನಾಡಿನ ಮಾತು ಇಷ್ಟು ಸಾಕು. ನಮ್ಮವರು ಈ ದ್ರವ್ಯಗಳನ್ನು ಎಂದು, ಹೇಗೆ ತೊಟ್ಟರು ಎಂಬುದು ಮುಖ್ಯ. ಆಯುರ್ವೇದದ ಋತುಚರ್ಯೆಯಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರವಿದೆ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಹೇಮಂತ ಋತುವಿಗೆ ಕಸ್ತೂರಿ ಬೆರೆಸಿದ ಕೇಸರಿಯ ಲೇಪನವನ್ನೂ ಅಗರುಧೂಪವನ್ನೂ ವಿಧಿಸಿದ್ದಾನೆ. ಬೇಸಗೆಗೆ ಹೇಳಿರುವುದು ಚಂದನ. ಇಲ್ಲೊಂದು ಸ್ವಾರಸ್ಯವನ್ನು ವಾಚಕರು ಗಮನಿಸಬೇಕು. ಕಸ್ತೂರಿ, ಕೇಸರಿ, ಕೋಷ್ಠ, ತಗರ, ದೇವದಾರು ಇವೆಲ್ಲ ಕೊರೆಯುವ ಚಳಿಯ ನಾಡಿನವು. ಆದರೂ ವೈದ್ಯರು ಇವನ್ನು ಉಷ್ಣವೀರ್ಯವೆಂದೇ ಎಣಿಸಿದರು. ಚಂದನವು ದಕ್ಷಿಣದ ಬಿಸಿಲಗುಡ್ಡಗಳ ಮರ, ಅದನ್ನು ಪರಮಶೀತಲವೆಂದರು. ಜಟಾಮಾಂಸಿಯೊಂದು ಮಾತ್ರ ಈ ಲೆಕ್ಕವನ್ನು ತಪ್ಪಿಸಿ, ಚಳಿನಾಡಿನದಾಗಿಯೂ ಶೀತವೆನ್ನಿಸಿಕೊಂಡಿದೆ. ಹೀಗೆ ಚಳಿಯ ಕಾಡು ಬಿಸಿಯನ್ನೂ ಬಿಸಿಲ ಕಾಡು ತಂಪನ್ನೂ ಕೊಡುವುದೆಂದು ನಂಬಿ, ದೇಶದ ಎರಡು ತುದಿಗಳ ಜನ ಒಬ್ಬರ ಪರಿಮಳವನ್ನು ಮತ್ತೊಬ್ಬರು ತೊಟ್ಟರು.

ಇದು ಬರಿಯ ಗ್ರಂಥದ ಮಾತಾಗಿರಲಿಲ್ಲ. ಸೊಲ್ಲಾಪುರ, ಅಕ್ಕಲಕೋಟೆಗಳಿಂದ ಮೂಡಲಿಗೆ ಬಹಳ ದೂರವಿಲ್ಲದ ಬಸವಕಲ್ಯಾಣವು ಹಿಂದೆ ಚಾಲುಕ್ಯರ ರಾಜಧಾನಿಯಾದ ಕಲ್ಯಾಣ. ಆ ವಂಶದ ಜಯಸಿಂಹನ ಕಾಲದಲ್ಲಿ, ಸುಮಾರು ಕ್ರಿ.ಶ. 1025ರಲ್ಲಿ, ಚಾವುಂಡರಾಯನು ಕನ್ನಡದಲ್ಲಿ 'ಲೋಕೋಪಕಾರ'ವನ್ನು ಬರೆದನು. ವಾಸ್ತು, ಜಲಶೋಧನೆ, ವೃಕ್ಷಾಯುರ್ವೇದ, ಪಾಕಶಾಸ್ತ್ರಗಳ ಸಾಲಿನಲ್ಲಿಯೇ ಅವನು ಗಂಧಯುಕ್ತಿಗೂ ಸ್ಥಾನ ಕೊಟ್ಟನು. ಸುಗಂಧವನ್ನು ಕೂಡಿಸುವ ವಿದ್ಯೆ ಬಾವಿ ತೋಡುವ ವಿದ್ಯೆಯಷ್ಟೇ ಲೋಕಕ್ಕೆ ಉಪಕಾರಿಯೆಂದು ಬಗೆದ ಕಾಲವದು.

ಮುಂದೆ ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನಕ್ಕೆ ಕಾಶ್ಮೀರದಿಂದ ಬಿಲ್ಹಣನು ಬಂದು ವಿದ್ಯಾಪತಿಯಾದನು. ಅವನ ಹುಟ್ಟೂರು ಖೋನಮುಖವು ಕೇಸರಿ ಬೆಳೆಯುವ ನೆಲದಲ್ಲಿಯೇ ಇದೆ. ಅರಸನ ಚರಿತ್ರೆಯನ್ನು ಬರೆಯಲು ಕುಳಿತ ಆ ಕವಿಯು ಕೊನೆಯ ಸರ್ಗದಲ್ಲಿ ತನ್ನ ಊರನ್ನೂ ಅದರ ಕೇಸರಿಯನ್ನೂ ನೆನೆಯದೆ ಇರಲಾರದೆ ಹೋದನು. ಗಡಿಯಾಚೆ ನೆಲೆಸಿದ ನಮಗೆ ಅವನ ಮನಸ್ಸು ಅರ್ಥವಾಗದೆ ಇರದು.

ಅದೇ ಸಮಯದಲ್ಲಿ ಕಾಶ್ಮೀರದಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಕಲ್ಹಣನ 'ರಾಜತರಂಗಿಣಿ' ತಿಳಿಸುತ್ತದೆ. 1089ರಿಂದ 1101ರ ವರೆಗೆ ಆಳಿದ ಹರ್ಷರಾಜನಿಗೆ ದಕ್ಷಿಣದ ಬೆಡಗು ಬಹು ಪ್ರಿಯವಾಯಿತಂತೆ. ಅವನು ಕರ್ಣಾಟದ ಮಾದರಿಯ ನಾಣ್ಯವನ್ನು ಟಂಕಿಸಿದನು. ಅವನ ಸಭೆಯವರು ತಾಳೆಗರಿಗಳನ್ನು ಧರಿಸಿ, ಹಣೆಗೆ ದಪ್ಪವಾಗಿ ಗಂಧವನ್ನು ಬಳಿದುಕೊಂಡು ಕುಳಿತಿರುತ್ತಿದ್ದರೆಂದು ಕಲ್ಹಣನು ಬಣ್ಣಿಸುತ್ತಾನೆ. ಹಿಮದ ನಾಡಿನ ಅರಸನಿಗೆ ತಂಪಿನ ಚಂದನವೇತಕ್ಕೆ ಎಂದು ಕೇಳಬಹುದು. ಬೆಡಗಿಗೆ ವೈದ್ಯರ ಅಪ್ಪಣೆ ಬೇಕಿಲ್ಲ.

ವಿಕ್ರಮಾದಿತ್ಯನ ಮಗ ಭೂಲೋಕಮಲ್ಲ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಈ ಸಂಪ್ರದಾಯ ತನ್ನ ಪೂರ್ಣರೂಪವನ್ನು ತಳೆಯಿತು. ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿತವಾದ ಈ ಗ್ರಂಥದಲ್ಲಿ ನೂರು ಅಧ್ಯಾಯಗಳಿವೆ. ಅದರಲ್ಲಿ ಸ್ನಾನ, ತಾಂಬೂಲ, ವಸ್ತ್ರ, ಮಾಲ್ಯಗಳಂತೆ ವಿಲೇಪನವೂ ಒಂದು ಭೋಗ, ಧೂಪ ಇನ್ನೊಂದು. ಅರಸನು ಋತುವಿಗೆ ತಕ್ಕಂತೆ ಮೈಗೆ ಲೇಪನವನ್ನು ಬದಲಾಯಿಸಬೇಕು. ಕಲ್ಯಾಣದಲ್ಲಿ ಹೇಮಂತವೆಂದರೆ ಬೆಳಗಿನ ಇಬ್ಬನಿ, ಒಂದು ಕಂಬಳಿ, ಹೊಲದಲ್ಲಿ ಸೀತನಿ, ಅಷ್ಟೆ. ಹೆಪ್ಪುಗಟ್ಟುವ ಚಳಿ ಅಲ್ಲಿ ಎಂದೂ ಬಿದ್ದಿಲ್ಲ. ಆದರೂ ಆ ಎರಡು ತಿಂಗಳ ಮಟ್ಟಿಗೆ ಹಿಮವಂತನ ಕಾಡು ಅರಮನೆಗೆ ಬರಬೇಕಾಗಿತ್ತು. ಕಸ್ತೂರಿಯ ಚಿಕ್ಕ ಕೋಶವೊಂದು ಎಷ್ಟು ಕಣಿವೆಗಳನ್ನು ಇಳಿದು, ಎಷ್ಟು ಸುಂಕದ ಕಟ್ಟೆಗಳನ್ನು ದಾಟಿ ಅಲ್ಲಿಗೆ ಬಂದಿರಬೇಕು! ಲೇಪನದ ಬೆಲೆಯ ಬಹುಪಾಲು ಪರಿಮಳಕ್ಕಲ್ಲ, ದೂರಕ್ಕೆ ಸಂದ ಬೆಲೆಯೆಂದೇ ನನಗೆ ತೋರುತ್ತದೆ.

ಕಲ್ಯಾಣ ಅಳಿದ ಮೇಲೆಯೂ ಈ ಭೂಮಿಯಲ್ಲಿ ಸುಗಂಧದ ಮಮತೆ ಉಳಿಯಿತು. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಹನ ಕಾಲದಲ್ಲಿ 'ಇತ್ರ್-ಎ-ನವರಸ್ ಶಾಹಿ' ಎಂಬ ಸುಗಂಧಗ್ರಂಥವೇ ಹುಟ್ಟಿತು. ಉತ್ತರದ ಕನೌಜಿನಲ್ಲಿ ತಾಮ್ರದ ಹಂಡೆಗಳಿಂದ ಅತ್ತರು ಬಟ್ಟಿಯಿಳಿಸುವವರು ಋತುಭೇದವನ್ನು ಇಂದಿಗೂ ಬಿಟ್ಟಿಲ್ಲ. ಬೇಸಗೆಗೆ ಲಾವಂಚ, ಗುಲಾಬಿ, ಕೇದಗೆ, ಚಳಿಗಾಲಕ್ಕೆ ಶಮಾಮಾ. ಈ ಶಮಾಮಾದಲ್ಲಿ ಜಟಾಮಾಂಸಿಯಿಂದ ಮೊದಲಾಗಿ ಹತ್ತಾರು ಬೇರು, ಮೂಲಿಕೆ, ಸಂಬಾರಗಳು ಕೂಡುತ್ತವೆ. ಮರದ ತೊಗಟೆಗಂಟಿದ ಕಲ್ಲುಹೂವೂ ಅದರಲ್ಲಿ ಸೇರುತ್ತದೆ. ನಮ್ಮ ಹೆಂಗಸರು ಮಸಾಲೆಖಾರಕ್ಕೆ ಹುರಿದು ಹಾಕುವ ಕಲ್ಲುಹೂವೇ ಅದು. ಅದರ ಕಂಪು ಬಿಸಿಯೆಣ್ಣೆಯಲ್ಲಿ ಬಿರಿಯುವಾಗ ಒದ್ದೆಮಣ್ಣು, ಒಣದೊಗಟೆ, ಹೊಗೆ ಎಲ್ಲವೂ ಒಮ್ಮೆಗೇ ಮೂಗಿಗೆ ಬರುತ್ತವೆ. ಈ ಎಲ್ಲ ಕಂಪನ್ನು ಹಿಡಿದಿಡುವ ಆಧಾರವಾಗಿ ಹಿಂದಿನಿಂದ ಬಂದದ್ದು ದಕ್ಷಿಣದ ಗಂಧದೆಣ್ಣೆ.

ಇಲ್ಲಿ ಪ್ರಕೃತಿಶಾಸ್ತ್ರದ ಒಂದು ಮಾತು. ವಸ್ತುವಿನ ಸೂಕ್ಷ್ಮಕಣಗಳು ಆವಿಯಾಗಿ ಮೂಗನ್ನು ಮುಟ್ಟಿದರೆ ಮಾತ್ರ ವಾಸನೆ. ಚಳಿ ಹೆಚ್ಚಿದಂತೆ ಆ ಕಣಗಳು ಏಳುವುದು ಕಡಿಮೆ. ಆದ್ದರಿಂದ ಹಿಮ ಮುಚ್ಚಿದ ಕಾಡು ಬಹುಮಟ್ಟಿಗೆ ಮೂಕವಾಗಿರುತ್ತದೆ. ಅದೇ ಕಾಡಿನ ಬೇರು ಬಿಸಿಮೈಯ ಮೇಲೆ ಲೇಪನವಾದಾಗ ಮಾತನಾಡತೊಡಗುತ್ತದೆ. ಚಳಿಗಾಲದ ಬೆಟ್ಟದಲ್ಲಿ ನಿಂತವನಿಗಿಂತ ಕಲ್ಯಾಣದ ಅರಸನಿಗೇ ಆ ಕಾಡಿನ ಪರಿಮಳ ಹೆಚ್ಚು ದೊರೆತಿರಬೇಕು.

ಯುರೋಪಿನಲ್ಲಿ ಈ ಕಥೆ ಬೇರೆ ತಿರುವನ್ನು ಪಡೆಯಿತು. ಅಲ್ಲಿಯೂ ಓಕ್ ಮರದ ಮೇಲಿನ ಕಲ್ಲುಹೂವಿನ ಜಾತಿಯ ಪಾಚಿಯೇ ಕಾಡಿನ ಕಂಪಿಗೆ ಆಧಾರವಾಗಿತ್ತು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ರಸಾಯನಶಾಸ್ತ್ರ ಮುಂದಾಯಿತು. 1888ರಲ್ಲಿ ಆಲ್ಬರ್ಟ್ ಬೌರ್ ಎಂಬಾತನು ಸ್ಫೋಟಕದ್ರವ್ಯಗಳ ಪ್ರಯೋಗದಲ್ಲಿದ್ದಾಗ ಕಸ್ತೂರಿಯ ವಾಸನೆಯ ಕೃತಕ ವಸ್ತು ಅಕಸ್ಮಾತ್ತಾಗಿ ಕೈಗೆ ಬಂದಿತು. ನಿಜವಾದ ಕಸ್ತೂರಿಯ ಗಂಧಸಾರದ ರಚನೆಯನ್ನು ಲಿಯೊಪೋಲ್ಡ್ ರುಜಿಚ್ಕಾ 1926ರಲ್ಲಿ ಬಿಡಿಸಿ ತೋರಿಸಿದನು. 1939ರ ನೊಬೆಲ್ ಪಾರಿತೋಷಕದಲ್ಲಿ ಅವನಿಗೂ ಪಾಲು ಬಂದಿತು. ತಾಲೀಸದ ಜಾತಿಯ ಮರಗಳ ಸೂಜಿಯೆಲೆಯ ಕಂಪಿಗೆ ಮುಖ್ಯ ಕಾರಣವಾದ ಬೋರ್ನೈಲ್ ಅಸಿಟೇಟನ್ನೂ ಈಗ ಕಾರ್ಖಾನೆಯಲ್ಲಿ ಮಾಡುತ್ತಾರೆ. ಇಂದು ಬೆಟ್ಟಗಾಡಿನ ಹೆಸರು ಹೊತ್ತು ಬರುವ ಬಾಟಲಿಯಲ್ಲಿ ಕಾಡಿನ ಒಂದು ಎಲೆಯೂ ಇಲ್ಲದಿರುವುದುಂಟು.

ಇದನ್ನು ಮೋಸವೆಂದು ಮೂಗು ಮುರಿಯುವ ರಸಿಕರಿದ್ದಾರೆ. ಅವರಿಗೆ ಒಂದು ಸರಳವಾದ ಲೆಕ್ಕವನ್ನು ಒಪ್ಪಿಸುತ್ತೇನೆ. ಗಂಡು ಕಸ್ತೂರಿಮೃಗದ ಹೊಟ್ಟೆಯಡಿಯ ಕೋಶದಲ್ಲಿ ದೊರೆಯುವ ಕಸ್ತೂರಿ ಹೆಚ್ಚೆಂದರೆ ಎರಡು ತೊಲೆ, ಸುಮಾರು 25 ಗ್ರಾಂ. ಒಂದು ಕಿಲೋ ಆಗಬೇಕಾದರೆ 40 ಗಂಡುಗಳು ಸಾಯಬೇಕು. ಕಾಡಿನಲ್ಲಿ ಒಡ್ಡಿದ ಉರುಲಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಕಸ್ತೂರಿಯಿಲ್ಲದ ಹೆಣ್ಣೂ ಮರಿಯೂ ಬಿದ್ದು ಸಾಯುತ್ತವೆ. ಜಟಾಮಾಂಸಿಯ ಗತಿಯೂ ಹಾಗೆಯೇ. ಬೇಕಾದದ್ದು ಬೇರುಗಡ್ಡೆಯಾದ್ದರಿಂದ ಕಿತ್ತರೆ ಗಿಡವೇ ಹೋಯಿತು, ಆ ಚಳಿಯಲ್ಲಿ ಇನ್ನೊಂದು ಬೆಳೆದು ದೊಡ್ಡದಾಗಲು ವರ್ಷಗಳೇ ಬೇಕು. ಸೋಮೇಶ್ವರನ ಗ್ರಂಥವನ್ನು ಎಷ್ಟು ಮೆಚ್ಚಿದರೂ, ಅದರ ಒಂದೊಂದು ಹೇಮಂತಕ್ಕೂ ಬೆಟ್ಟವು ತೆತ್ತ ಬೆಲೆಯನ್ನು ಅದರಲ್ಲಿ ಎಲ್ಲಿಯೂ ಲೆಕ್ಕವಿಟ್ಟಿಲ್ಲ. ಅರಸರ ಮೈಗೆ ಸಾಕಾಗುತ್ತಿದ್ದುದನ್ನು ಊರೂರಿನ ಪೇಟೆಗಳು ಕೇಳತೊಡಗಿದ ಮೇಲೆ ಕಾಡಿಗೆ ತಡೆಯಲಾಗಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾನೂನು ಕಸ್ತೂರಿಮೃಗವನ್ನು ತನ್ನ ಮೊದಲನೆಯ ಅನುಸೂಚಿಯಲ್ಲಿ ಸೇರಿಸಿತು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದವು 1975ರಲ್ಲಿ ಜಾರಿಗೆ ಬಂದಿತು. ಕಾಡಿನ ಕೋಷ್ಠವು 1985ರಲ್ಲಿ ಅದರ ಅತ್ಯಂತ ಕಠಿಣವಾದ ಪಟ್ಟಿಗೆ ಏರಿತು. ಜಟಾಮಾಂಸಿ 1997ರಲ್ಲಿ ಎರಡನೆಯ ಪಟ್ಟಿಗೆ ಸೇರಿತು. ಯೇಸುವಿನ ತಲೆಯ ಮೇಲೆ ಹರಿದ ತೈಲದ ಆ ಗಿಡ ಈಗ ಅಳಿವಿನ ತೀವ್ರ ಅಪಾಯದಲ್ಲಿರುವ ಸಸ್ಯಗಳ ಸಾಲಿನಲ್ಲಿದೆ.

ಕೋಷ್ಠಕ್ಕೆ ಮಾತ್ರ ಬೇರೊಂದು ದಾರಿ ತೆರೆದಿತ್ತು. ಕಾಶ್ಮೀರದ ಮಹಾರಾಜರ ಸರಕಾರವು ಅದರ ವ್ಯಾಪಾರವನ್ನು ತನ್ನ ಏಕಸ್ವಾಮ್ಯದಲ್ಲಿಟ್ಟುಕೊಂಡಿದ್ದ ದಿನಗಳಲ್ಲಿಯೇ, 1920ರ ದಶಕದಲ್ಲಿ, ನೆರೆಯ ಲಾಹೌಲ್ ಕಣಿವೆಯ ರೈತರು ಅದನ್ನು ಹೊಲದಲ್ಲಿ ಬೆಳೆಯತೊಡಗಿದರು. ಕಾಡನ್ನು ಮುಟ್ಟದೆಯೇ ಬೇರು ಪೇಟೆಗೆ ಬಂದಿತು, ಬೆಟ್ಟದ ಬಡವರ ಕೈಯಲ್ಲಿ ಹಣವೂ ಆಡಿತು. ಬೆಲೆ ಬಿದ್ದ ಮೇಲೆ ಅವರಲ್ಲಿ ಅನೇಕರು ಆಲೂಗೆಡ್ಡೆಗೂ ಬಟಾಣಿಗೂ ತಿರುಗಿದರು. ಕೋಷ್ಠದ ಬೇರು ಬಲಿಯಲು ಎರಡು ಮೂರು ವರ್ಷ ಕಾಯಬೇಕು. ಬಟಾಣಿಗೆ ಒಂದು ಬೇಸಗೆ ಸಾಕು.