ಬೋಟಿ ತೊಳೆದ ನೀರು

ದಲಿತ ವಿಮರ್ಶೆಯ ಸಂಚಿಕೆಗೆ ಬೋಟಿಯ ಬಗ್ಗೆ ಬರೆಯುತ್ತೇನೆ ಅಂದಾಗ ಗೆಳೆಯರೊಬ್ಬರು ನಕ್ಕುಬಿಟ್ಟರು. 'ಹಸಿವಿನ ಬಗ್ಗೆ ಬರೀರಿ, ಆಹಾರ ರಾಜಕಾರಣದ ಬಗ್ಗೆ ಬರೀರಿ. ಬೋಟಿ ಯಾತಕ್ಕೆ?' ಹಸಿವಿನ ಬಗ್ಗೆ ನಮ್ಮವರು ಬೇಕಾದಷ್ಟು ಬರೆದಿದ್ದಾರೆ. 'ಒಡಲಾಳ'ದ ಮನೆಮಂದಿಯೆಲ್ಲ ಕೂತು ಕಡಲೆಕಾಯಿ ತಿನ್ನುವ ರಾತ್ರಿಯನ್ನು ನಾನೇ ಹುಡುಗರಿಗೆ ಪಾಠ ಮಾಡುತ್ತೇನೆ. ಆದರೆ ನಮ್ಮ ವಿಮರ್ಶೆ ಯಾವಾಗಲೂ ಉಣ್ಣುವ ಬಾಯಿಂದ ಶುರುವಾಗುತ್ತದೆ, ತೊಳೆಯುವ ಕೈಯಿಂದ ಶುರುವಾಗುವುದಿಲ್ಲ. ಬೋಟಿ ಎಂದರೆ ಮುಕ್ಕಾಲು ಪಾಲು ತೊಳೆಯುವುದೇ. ತೊಳೆದವಳು ನಮ್ಮಜ್ಜಿ, ಆಮೇಲೆ ನಮ್ಮವ್ವ, ಒಂದಷ್ಟು ಕಾಲ ನಾನು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಉಪವಿಭಾಗ. ಮಳೆ ಕಮ್ಮಿ, ಬಂಡೆ ಜಾಸ್ತಿ. ರಾಗಿ, ಕಡಲೆಕಾಯಿ, ಕುರಿ ಇವುಗಳ ಸೀಮೆ. ಪಾವಗಡವಂತೂ ಮೂರು ಕಡೆ ಆಂಧ್ರ ಸುತ್ತಿಕೊಂಡ ದ್ವೀಪ. ಶಿರಾ 1687ರಿಂದ ಮೊಗಲರ ಸುಬಾ ಆಗಿದ್ದ ಊರು. ನಮ್ಮ ಕಡೆ ಬಾಡು ಬೇಕೆಂದರೆ ಹಿಂದೆ ಎರಡೇ ದಾರಿ. ಒಂದು, ಶಿರಾದಂಥ ಊರಿನ ಸಾಬರ ಅಂಗಡಿ. ಇನ್ನೊಂದು, ಕೇರಿಯವರೇ ಕೂಡಿ ಕೊಯ್ದು ಪಾಲು ಹಾಕುವ ಗುಡ್ಡೆ ಬಾಡು. ಎರಡರಲ್ಲೂ ಖಂಡ ಮೊದಲು ಹೋಗುತ್ತಿತ್ತು. ತಲೆ, ಕಾಲು, ಬೋಟಿ ಕೊನೆಗೆ ಉಳಿಯುತ್ತಿತ್ತು. 'ಬಾಡು ಕಾಸಿದ್ದೋರಿಗೆ, ಬೋಟಿ ಕೈಯಿದ್ದೋರಿಗೆ' ಎಂದು ನಮ್ಮಜ್ಜಿ ಹೇಳುವುದು ಇದಕ್ಕೇ.

ಕೈ ಯಾಕೆ ಬೇಕು ಅಂತ ಕೇಳಿ. ಮೆಲುಕು ಹಾಕುವ ಜೀವಕ್ಕೆ ಹೊಟ್ಟೆಯಲ್ಲಿ ನಾಲ್ಕು ಕೋಣೆ. ಒಂದು ಟವಲಿನ ಹಾಗೆ ನೂಲುನೂಲಾಗಿ, ಒಂದು ಜೇನುಗೂಡಿನ ಹಾಗೆ, ಒಂದು ಪುಸ್ತಕದ ಹಾಗೆ ಹಾಳೆಹಾಳೆಯಾಗಿ, ಕೊನೆಯದು ನುಣ್ಣಗೆ ಜಾರುವಂಥದ್ದು. ಮೊದಲು ಗೊಬ್ಬರ ಕೊಡವಬೇಕು. ಆಮೇಲೆ ಬಿಸಿನೀರಿಗೆ ಸುಣ್ಣ ಹಾಕಿ ಅದ್ದಿ ಕಪ್ಪು ಸಿಪ್ಪೆ ಹೆರೆಯಬೇಕು. ನೀರು ಸುಟ್ಟರೆ ಸಿಪ್ಪೆ ಕಚ್ಚಿಕೊಳ್ಳುತ್ತದೆ, ಆರಿದರೆ ಬಿಡುವುದಿಲ್ಲ. ಆ ಹದ ಬೆರಳಿಗೆ ಮಾತ್ರ ಗೊತ್ತು. ಕರುಳನ್ನು ಕಡ್ಡಿ ಹಾಕಿ ಒಳಗಿನದು ಹೊರಗೆ ಮಗುಚಬೇಕು. ಪುಸ್ತಕದ ಹಾಳೆಗಳ ನಡುವೆ ಮಣ್ಣು, ಹುಲ್ಲಿನ ಸುಂಕು ಕೂತಿರುತ್ತದೆ, ಒಂದೊಂದೇ ಬಿಡಿಸಿ ತೊಳೆಯಬೇಕು. 'ಓದೋ ಹುಡ್ಗಿ ಅಲ್ವೇನಮ್ಮಿ, ಪುಸ್ತಕ ನೀನೇ ತೊಳಿ' ಎಂದು ಅಜ್ಜಿ ಅದನ್ನು ನನಗೇ ಬಿಡುತ್ತಿದ್ದಳು. ಕೊನೆಗೆ ಅರಿಸಿನ, ಉಪ್ಪು ಹಾಕಿ ಉಜ್ಜಿ, ನಾಲ್ಕೈದು ನೀರು. ಬೆಳಿಗ್ಗೆ ಕೂತರೆ ಏಳುವಷ್ಟರಲ್ಲಿ ಹೊತ್ತು ನೆತ್ತಿಗೆ. ಆಮೇಲೆ ತಾನೇ ಕಡಲೆಕಾಳು, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಚಕ್ಕೆ ಲವಂಗ, ಮುದ್ದೆ, ರುಚಿ ಎಲ್ಲ.

ಆ ನಾಲ್ಕೈದು ನೀರು ಎಲ್ಲಿಂದ ಬರಬೇಕು? ಊರ ಬಾವಿ ನಮ್ಮದಲ್ಲ. ಕೆರೆಯಲ್ಲಿ ತೊಳೆದರೆ ಮೈಲಿಗೆಯ ಗಲಾಟೆ. ಅಜ್ಜಿಯವರು ಜಯಮಂಗಲಿಯ ಮರಳಲ್ಲಿ ಗುಂಡಿ ತೋಡಿ, ಒರತೆ ನೀರು ಊರುವುದನ್ನು ಕಾದು, ಚಿಪ್ಪಲ್ಲಿ ಮೊಗೆದು ತೊಳೆಯುತ್ತಿದ್ದರಂತೆ. ಪಾವಗಡದ ಕಡೆ ಕುಡಿಯುವುದಕ್ಕೇ ನೀರಿಲ್ಲದ ಬೇಸಿಗೆಯಲ್ಲಿ ಬೋಟಿ ತರುವುದನ್ನೇ ಬಿಟ್ಟಿರುತ್ತಿದ್ದರು. ಬೋಟಿಯ ಚರಿತ್ರೆ ಬರೆಯುವವರು ನೀರಿನ ಚರಿತ್ರೆಯನ್ನೂ ಬರೆಯಬೇಕಾಗುತ್ತದೆ. 1927ರ ಮಹಾಡ್ ನೆನಪಿಸಿಕೊಳ್ಳಿ. ಬಾಬಾಸಾಹೇಬರು ಚೌದಾರ್ ಕೆರೆಯ ನೀರು ಮುಟ್ಟಿದ್ದನ್ನು ನಾವೆಲ್ಲ ಹೇಳುತ್ತೇವೆ. ಅದೇ ಸಮ್ಮೇಳನದಲ್ಲಿ ಅವರು ಸತ್ತ ದನದ ಮಾಂಸ ಬಿಡಿ ಎಂದು ಹೇಳಿದ್ದನ್ನು ಅಷ್ಟಾಗಿ ಹೇಳುವುದಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಸತ್ತದ್ದು ಬೇರೆ, ಕೊಯ್ದದ್ದು ಬೇರೆ. ಊರಲ್ಲಿ ಎತ್ತು ಸತ್ತರೆ ಹೊತ್ತು ಹಾಕುವುದು ಮಾದಿಗರ ಚಾಕರಿ. ಅದಕ್ಕೆ ಪ್ರತಿಯಾಗಿ ಮಿಣಿ, ಚಪ್ಪಲಿ, ಕಪಿಲೆಯ ತೊಗಲ ಚೀಲ ಮಾಡಿಕೊಡಬೇಕು. ಆ ಬಾಡು ಕೂಲಿಯ ಬದಲು. 1876-78ರ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸೀಮೆಯ ಐದರಲ್ಲಿ ಒಂದು ಪಾಲು ಜನ ಹೋದರು. ಅಂಥ ಕಾಲದಲ್ಲಿ ಸತ್ತದ್ದನ್ನು ತಿಂದು ಉಳಿದವರ ಮಕ್ಕಳು ನಾವು. ಅದಕ್ಕೆ ನಾಚಬೇಕಿಲ್ಲ, ಅದನ್ನು ಹಾಡಿ ಹೊಗಳಬೇಕಾಗಿಯೂ ಇಲ್ಲ. 1970ರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿಯ ಗಾಳಿ ನಮ್ಮ ಕೇರಿಗೂ ಬೀಸಿದಾಗ ಹುಡುಗರು ಸತ್ತ ದನ ಹೊರುವುದಿಲ್ಲ ಎಂದರು. ಊರವರು ಕೂಲಿ ನಿಲ್ಲಿಸಿದರು. ಕೇರಿಯ ಮುದುಕರೇ, 'ನಿಮ್ಮಪ್ಪಂದೇನ್ ಗಂಟು ಹೋಗದು, ಹೊತ್ತಾಕ್ರಲಾ' ಎಂದು ಬೈದರಂತೆ. ಹುಡುಗರು ಜಗ್ಗಲಿಲ್ಲ. ಹೊರುವುದು ನಿಂತಿತು, ಸತ್ತದ್ದನ್ನು ತಿನ್ನುವುದೂ ನಿಂತಿತು. ಕೊಯ್ದದ್ದನ್ನು ತಿನ್ನುವುದು ನಿಲ್ಲಲಿಲ್ಲ, ನಿಲ್ಲಬೇಕು ಎಂದು ಯಾರೂ ಹೇಳಲೂ ಇಲ್ಲ. ಈಗಿನವರು ಎರಡನ್ನೂ ಒಂದೇ ಮಡಕೆಗೆ ಹಾಕಿ ಒಬ್ಬರು ಕೊಳಕು ಅನ್ನುತ್ತಾರೆ, ಇನ್ನೊಬ್ಬರು ಸಂಸ್ಕೃತಿ ಅನ್ನುತ್ತಾರೆ.

ಅಂಬೇಡ್ಕರರು 1948ರ ತಮ್ಮ ಪುಸ್ತಕದಲ್ಲಿ ಅಸ್ಪೃಶ್ಯತೆಯ ಬೇರನ್ನು ಗೋಮಾಂಸದಲ್ಲಿ ಹುಡುಕಿದರು. ಬೌದ್ಧರ ಜೊತೆಗಿನ ಪೈಪೋಟಿಯಲ್ಲಿ ಬ್ರಾಹ್ಮಣರು ದನ ತಿನ್ನುವುದನ್ನು ಬಿಟ್ಟರು, ಬಿಡಲಾಗದವರು ಹೊರಗುಳಿದರು ಎಂಬುದು ಅವರ ವಾದದ ತಿರುಳು. ಪಾವಗಡದ ಕಡೆಯಿಂದ ಬಂದ ನಮ್ಮಜ್ಜಿ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತಾಳೆ. ದೇವತೆಗಳೆಲ್ಲ ಕಾಮಧೇನುವಿನ ಬಾಡು ಉಣ್ಣಬೇಕೆಂದು ಆಸೆಪಟ್ಟರಂತೆ. ಜಾಂಬವನ ಮನೆಯ ಹುಡುಗ ಅಡುಗೆಗೆ ನಿಂತ. ಮಡಕೆ ಕುದಿಯುವಾಗ ಒಂದು ತುಂಡು ಹಾರಿ ನೆಲಕ್ಕೆ ಬಿತ್ತು. ಹುಡುಗ ಎತ್ತಿ, ಮಣ್ಣು ಹೋಗಲಿ ಎಂದು ಉಫ್ ಅಂತ ಊದಿ, ಮತ್ತೆ ಮಡಕೆಗೆ ಹಾಕಿದ. 'ಎಂಜಲಾಯ್ತು' ಎಂದು ದೇವತೆಗಳು ಎಲೆ ಬಿಟ್ಟು ಎದ್ದರು. ಹುಡುಗ ಮಾದಿಗನಾದ. ಈ ಕಥೆಯಲ್ಲಿ ದನ ತಿಂದದ್ದು ತಪ್ಪಲ್ಲ. ಎಲೆ ಹಾಸಿಕೊಂಡು ಕೂತವರು ದೇವತೆಗಳೇ. ತಪ್ಪಾದದ್ದು ಹುಡುಗನ ಉಸಿರು, ಅದೂ ಅವನು ತುಂಡನ್ನು ಚೊಕ್ಕ ಮಾಡಲು ಹೋದಾಗ. ಶುಚಿ ಮಾಡಿದವನೇ ಅಶುಚಿಯಾದ ಈ ಕಥೆ ನಮ್ಮ ವಿಮರ್ಶೆಗೆ ಇನ್ನೂ ಸರಿಯಾಗಿ ದಕ್ಕಿಲ್ಲ ಅನ್ನಿಸುತ್ತದೆ.

ಇರಲಿ, ಅಂಗಡಿಗೆ ಬರುತ್ತೇನೆ. ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ದಾರಿಯಲ್ಲಿ ಒಂದು ಸಾರಾಯಿ ಅಂಗಡಿ ಇತ್ತು. ಅದರ ಪಕ್ಕ ನಮ್ಮಜ್ಜಿಯ ಬೋಟಿ ಅಂಗಡಿ. ಅಂಗಡಿ ಅಂದರೆ ನಾಲ್ಕು ಗೂಟ, ತೆಂಗಿನ ಗರಿ, ಮೂರು ಕಲ್ಲು, ಎರಡು ಮಡಕೆ. ಒಂದರಲ್ಲಿ ಕುರಿ ಬೋಟಿ, ಇನ್ನೊಂದರಲ್ಲಿ ದೊಡ್ಡ ಬೋಟಿ. ಮುತ್ತುಗದ ಎಲೆಯಲ್ಲಿ ಒಂದು ಸೌಟು. ಇಂಥ ಅಂಗಡಿ ಶಿರಾ ದಾರಿಯಲ್ಲೂ ಇದ್ದವು, ಪಾವಗಡದ ಗಡಿಯಲ್ಲೂ ಇದ್ದವು. ಆಂಧ್ರದಲ್ಲಿ 1993ರಲ್ಲಿ ಸಾರಾಯಿ ನಿಂತ ಮೇಲೆ ಆ ಕಡೆಯವರು ಗಡಿ ದಾಟಿ ಬಂದು ಕುಡಿದು ಬೋಟಿ ತಿಂದು ಹೋಗುತ್ತಿದ್ದುದನ್ನು ನಮ್ಮ ಮಾವ ಈಗಲೂ ನೆನೆಯುತ್ತಾನೆ.

ಊರ ಹೋಟೆಲಲ್ಲಿ ನಮ್ಮವರಿಗೆ ಬೇರೆ ಲೋಟ ಇಟ್ಟಿದ್ದ ಕಾಲದಲ್ಲೂ ಅಜ್ಜಿಯ ಚಪ್ಪರದಲ್ಲಿ ಎಲ್ಲರಿಗೂ ಒಂದೇ ಎಲೆ. ಕಲ್ಲು ಒಡೆಯುವವರು, ಲಾರಿಯವರು ಹಗಲೇ ಬರುತ್ತಿದ್ದರು. ದೊಡ್ಡ ಮನೆಯವರು ಕತ್ತಲಾದ ಮೇಲೆ ಬರುತ್ತಿದ್ದರು. ಯಾವ ಮಡಕೆಯದು ಎಂದು ಅವರು ಕೇಳುತ್ತಿರಲಿಲ್ಲ, ಅಜ್ಜಿಯೂ ಹೇಳುತ್ತಿರಲಿಲ್ಲ. ಬೆಳಗಾದರೆ ಅದೇ ಜನರ ಜಗಲಿ ಅವಳಿಗೆ ದೂರ. ಇದನ್ನು ಸಮಾನತೆ ಎಂದು ಕರೆಯುವಷ್ಟು ದಡ್ಡಿ ನಾನಲ್ಲ. ನಾಲಿಗೆ ಜಾತಿ ಬಿಟ್ಟಷ್ಟು ಸುಲಭಕ್ಕೆ ಹೊಸಿಲು ಬಿಡುವುದಿಲ್ಲ.

ಆ ಚಪ್ಪರದ ಕಾಸಲ್ಲಿ ನಮ್ಮಪ್ಪ, ಚಿಕ್ಕಪ್ಪಂದಿರು ಬೆಳೆದರು. ಅದೇ ಸಾರಾಯಿ ಅಂಗಡಿಯಲ್ಲಿ ತಾತ ಸತ್ತ. ಎರಡೂ ನಿಜ. 'ಹೆಂಡ ಬೇಡ, ವಸತಿ ಶಾಲೆ ಬೇಕು' ಎಂದು ಸಂಘದವರು ಕೂಗುತ್ತಾ ಬಂದಾಗ ಅಜ್ಜಿ ಬೋಟಿ ಸೌಟು ಹಿಡಿದೇ ಅವರ ಹಿಂದೆ ನಾಲ್ಕು ಹೆಜ್ಜೆ ಹೋಗಿದ್ದಳಂತೆ. ಸಂಜೆ ಮತ್ತೆ ಒಲೆ ಹಚ್ಚಿದಳು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಗಿರಾಕಿ ಹೋದರು, ಚಪ್ಪರ ಬಿತ್ತು. ಮರುವರ್ಷ ನನಗೆ ವಸತಿ ಶಾಲೆಯಲ್ಲಿ ಸೀಟು ಸಿಕ್ಕಿತು. ಘೋಷಣೆಯ ಎರಡು ತುಂಡೂ ನಮ್ಮ ಮನೆಯಲ್ಲೇ ನಿಜವಾದವು. ಸಾರಾಯಿ ನಿಂತದ್ದು ಒಳ್ಳೆಯದೇ, ಅನುಮಾನವಿಲ್ಲ. ಆದರೆ ಆ ಅಂಗಡಿಗಳ ಪಕ್ಕ ಮಡಕೆ ಇಟ್ಟುಕೊಂಡಿದ್ದ ಹೆಂಗಸರಿಗೆ ಆಮೇಲೆ ಏನಾಯಿತು ಎಂದು ನಮ್ಮ ಚಳವಳಿಯ ಚರಿತ್ರೆಯಲ್ಲಿ ಯಾರೂ ಕೇಳಿದ್ದು ನಾನು ಓದಿಲ್ಲ. ಅಜ್ಜಿ ಕಡಲೆಕಾಯಿ ಕೀಳುವ ಕೂಲಿಗೆ ಹೋದಳು.

ವಸತಿ ಶಾಲೆಗೆ ಒಂದು ಭಾನುವಾರ ಅವಳು ಸ್ಟೀಲ್ ಡಬ್ಬಿಯಲ್ಲಿ ಬೋಟಿ ತಂದಳು. ವಾಸನೆಗೆ ಹುಡುಗಿಯರು ಮೂಗು ಮುಚ್ಚಿದರು, ಮೇಲ್ವಿಚಾರಕರು ಗೇಟಿನ ಆಚೆ ತಿನ್ನಿ ಎಂದರು. ಅದು ಅಷ್ಟು ನೋಯಿಸಲಿಲ್ಲ. 'ಇನ್ಮೇಲೆ ಇದ್ನ ತರಬ್ಯಾಡ ಕಣಜ್ಜಿ' ಎಂದದ್ದು ನಾನು. ಮುಂದಿನ ಸಾರಿ ಬಂದಾಗ ಬನ್ನು, ಬಾಳೆಹಣ್ಣು ತಂದಳು. ಆ ಬನ್ನು ತಿಂದೇ ನಾನು ಎಂ.ಎ. ಮಾಡಿದೆ ಎಂದರೆ ತಪ್ಪಿಲ್ಲ.

ನಮ್ಮ ಜಿಲ್ಲೆಯವರೇ ಆದ ಕವಿ ಎನ್.ಕೆ. ಹನುಮಂತಯ್ಯ 'ಗೋವು ತಿಂದು ಗೋವಿನಂತಾದವನು' ಎಂದು ಹೆಸರಿಟ್ಟು ಬರೆದರು. 2012ರಲ್ಲಿ ಉಸ್ಮಾನಿಯಾದ ವಿದ್ಯಾರ್ಥಿಗಳು ಕ್ಯಾಂಪಸ್ಸಲ್ಲೇ ದನದ ಬಾಡು ಬೇಯಿಸಿ ತಿಂದು ಏಟೂ ತಿಂದರು. ಇವೆಲ್ಲ ಬೇಕು. ಆದರೆ ನಮ್ಮ ತಾಲ್ಲೂಕುಗಳಲ್ಲಿ ಆಗುತ್ತಿರುವುದು ಬೇರೆ. 1964ರ ಕಾಯ್ದೆ ಹಸು, ಕರುಗಳನ್ನು ಕೊಯ್ಯುವುದನ್ನು ತಡೆದಿದ್ದರೂ 12 ವರ್ಷ ದಾಟಿದ ಎತ್ತು, ಎಮ್ಮೆ, ಕೋಣಗಳಿಗೆ ಸರ್ಟಿಫಿಕೇಟಿನ ಮೇಲೆ ಅವಕಾಶ ಕೊಟ್ಟಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಬಿಟ್ಟದ್ದು 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ. ತಪ್ಪಿದರೆ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷ ದಂಡ. ದೊಡ್ಡ ಬೋಟಿಯ ಮಡಕೆ ಮನೆಯ ಒಳಗೂ ಪಿಸುಮಾತಾಯಿತು. ನಾನು ಶಿರಾದಲ್ಲಿ ಬಾಡಿಗೆ ಮನೆ ಹುಡುಕುವಾಗ 'ನಾನ್‌ವೆಜ್ ಮಾಡ್ತೀರಾ ಮೇಡಂ?' ಎಂದು ಕೇಳಿದವರಿಗೆ ಬೇಕಾಗಿದ್ದ ಉತ್ತರ ಅಡುಗೆಯದಲ್ಲ.

ಈ ನಡುವೆ ಕುರಿ ಬೋಟಿಗೆ ಮಾನ ಬಂದಿದೆ. ಹೆದ್ದಾರಿ 48ರ ಬದಿಯಲ್ಲಿ 'ನಾಟಿ ಶೈಲಿ' ಎಂದು ಬೋರ್ಡು ಹಾಕಿದ ಹೋಟೆಲುಗಳಲ್ಲಿ ಬೋಟಿ ಗೊಜ್ಜಿಗೆ ಕ್ಯೂ. ಬೆಂಗಳೂರಿಂದ ಕಾರಲ್ಲಿ ಬಂದವರು ತಟ್ಟೆಯ ಫೋಟೋ ಹೊಡೆಯುತ್ತಾರೆ. ಹೋದ ವರ್ಷ ಅಜ್ಜಿಯನ್ನು ಆಸ್ಪತ್ರೆಗೆ ತೋರಿಸಿಕೊಂಡು ಬರುವಾಗ ಅಂಥದ್ದೊಂದಕ್ಕೆ ಕರೆದುಕೊಂಡು ಹೋದೆ. ಹಿಂದೆ ನಾನು ಬೇಡ ಅಂದದ್ದರ ಸಾಲ ತೀರಿಸುವ ಆಸೆಯೂ ಒಳಗೆ ಇತ್ತು ಅನ್ನಿ. ಅವಳು ಮುದ್ದೆ ಮುರಿದು, ಒಂದು ತುಂಡು ಬಾಯಿಗಿಟ್ಟು, ಬಹಳ ಹೊತ್ತು ಅಗಿದಳು. 'ಎಂಗೈತಜ್ಜಿ?' ಅಂದೆ.

'ಸುಣ್ಣ ಜಾಸ್ತಿ ಆಗೈತೆ. ಪುಸ್ತಕ ಬಿಡಿಸ್ದಂಗೇ ತೊಳ್ದವ್ರೆ' ಅಂದಳು. ಆಮೇಲೆ ಅಡುಗೆಮನೆಯ ಕಡೆ ಕತ್ತು ಚಾಚಿ ನೋಡುತ್ತಾ, 'ಒಳಗೆ ತೊಳ್ಯೋಳ್ಗೆ ದಿನಕ್ಕೆ ಏಸು ಕೊಡ್ತಾರಂತೆ, ಕೇಳು ವಸಿ' ಅಂದಳು.