ಹ್ಯಾಮ್‌ಟ್ರಾಮಿಕ್: ವಲಸಿಗರು ಕಟ್ಟಿದ ಪುಟ್ಟ ನಗರ

ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದ ಹೆಸರನ್ನು ನೀವು ಕೇಳಿರುತ್ತೀರಿ. ಕಾರು ತಯಾರಿಕೆಗೆ ಜಗತ್ಪ್ರಸಿದ್ಧವಾದ ಊರು ಅದು. ಆ ಮಹಾನಗರದ ಮಧ್ಯದಲ್ಲಿ, ಬಹುತೇಕ ಎಲ್ಲ ಕಡೆಗಳಿಂದಲೂ ಅದರಿಂದಲೇ ಸುತ್ತುವರಿದಿದ್ದರೂ ಅದಕ್ಕೆ ಸೇರದ ಒಂದು ಪುಟ್ಟ ನಗರವಿದೆ. ಅದರ ಹೆಸರು ಹ್ಯಾಮ್‌ಟ್ರಾಮಿಕ್. ವಿಸ್ತೀರ್ಣ ಸುಮಾರು ಐದೂವರೆ ಚದರ ಕಿಲೋಮೀಟರ್. 2020ರ ಜನಗಣತಿಯಂತೆ ಜನಸಂಖ್ಯೆ 28,433. ಅಂದರೆ ನಮ್ಮ ಒಂದು ತಾಲೂಕು ಕೇಂದ್ರದಷ್ಟು ಊರು.

2015ರ ನವೆಂಬರ್ ಚುನಾವಣೆಯ ನಂತರ ಈ ಊರಿನ ಹೆಸರು ಜಗತ್ತಿನ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಅಲ್ಲಿನ ನಗರಸಭೆಯ ಆರು ಸ್ಥಾನಗಳಲ್ಲಿ ನಾಲ್ಕು ಮುಸ್ಲಿಮರ ಪಾಲಾಗಿದ್ದವು. ಅಮೆರಿಕದಲ್ಲಿ ಮುಸ್ಲಿಮರ ಬಹುಮತವಿರುವ ಮೊದಲ ನಗರಸಭೆ ಇದು ಎಂದು ಪತ್ರಿಕೆಗಳು ಬರೆದವು. ಸುದ್ದಿ ಓದಿ ಕೆಲವರು ಹಿಗ್ಗಿದರು, ಕೆಲವರು ಹೆದರಿದರು. ಹಿಗ್ಗುವ ಮೊದಲು, ಹೆದರುವ ಮೊದಲು ಆ ಊರಿನ ಚರಿತ್ರೆಯ ಕಡೆಗೊಮ್ಮೆ ಕಣ್ಣು ಹಾಯಿಸೋಣ.

ಹಳ್ಳಿ ನಗರವಾದ ಬಗೆ

1901ರಲ್ಲಿ ಹ್ಯಾಮ್‌ಟ್ರಾಮಿಕ್ ಒಂದು ಹಳ್ಳಿ. ಜರ್ಮನ್ ಮೂಲದ ರೈತರು ಅಲ್ಲಿ ಹೆಚ್ಚಾಗಿದ್ದರು. 1910ರಲ್ಲಿ ಡಾಡ್ಜ್ ಸಹೋದರರು ಅಲ್ಲಿ ಕಾರ್ಖಾನೆ ತೆರೆದರು. ಪಕ್ಕದ ಹೈಲ್ಯಾಂಡ್ ಪಾರ್ಕ್‌ನಲ್ಲಿ ಹೆನ್ರಿ ಫೋರ್ಡ್ 1914ರಲ್ಲಿ ದಿನಕ್ಕೆ 5 ಡಾಲರ್ ಕೂಲಿ ಘೋಷಿಸಿದರು. ಕೆಲಸ ಹುಡುಕಿಕೊಂಡು ಜನ ಹರಿದು ಬಂದರು. 1910ರಲ್ಲಿ 3,559 ಇದ್ದ ಜನಸಂಖ್ಯೆ 1920ರಲ್ಲಿ 48,615ಕ್ಕೆ ಏರಿತು. 1930ರಲ್ಲಿ ಅದು 56,268 ಆಯಿತು.

ಹೀಗೆ ಬಂದವರಲ್ಲಿ ಹೆಚ್ಚಿನವರು ಪೋಲೆಂಡಿನವರು. 1918ರವರೆಗೆ ಅವರಿಗೆ ಸ್ವಂತ ರಾಷ್ಟ್ರವೇ ಇರಲಿಲ್ಲ. ರಷ್ಯಾ, ಜರ್ಮನಿ ಮತ್ತು ಆಸ್ಟ್ರಿಯಾಗಳು ಅವರ ನಾಡನ್ನು ಹಂಚಿಕೊಂಡಿದ್ದವು. ಹೊಸ ನಾಡಿನಲ್ಲಿ ಅವರು ಚರ್ಚು ಕಟ್ಟಿದರು, ಶಾಲೆ ತೆರೆದರು, ತಮ್ಮ ಭಾಷೆ ಉಳಿಸಿಕೊಂಡರು. ಆದರೆ ಆ ಕಾಲದ ಅಮೆರಿಕದ ಪ್ರಾಟೆಸ್ಟೆಂಟ್ ಬಹುಸಂಖ್ಯಾತರಲ್ಲಿ ಅನೇಕರು ಈ ಕ್ಯಾಥೊಲಿಕ್ ವಲಸಿಗರನ್ನು ಅನುಮಾನದಿಂದಲೇ ನೋಡಿದರು. ಪೂರ್ವ ಮತ್ತು ದಕ್ಷಿಣ ಯುರೋಪಿನವರ ವಲಸೆಯನ್ನು ತಡೆಯಲೆಂದೇ 1924ರಲ್ಲಿ ಕಾನೂನು ಬಂತು. ಆದರೂ ಪೋಲಿಷರು ಕುಗ್ಗಲಿಲ್ಲ. 1922ರಲ್ಲಿ ಹ್ಯಾಮ್‌ಟ್ರಾಮಿಕ್ ನಗರವಾದಾಗ ಮೊದಲ ಮೇಯರ್ ಆದವರು ಪೋಲಿಷ್ ಮೂಲದ ಪೀಟರ್ ಯೆಝೆವ್‌ಸ್ಕಿ. ಅಲ್ಲಿಂದ ಸುಮಾರು ನೂರು ವರ್ಷ ಮೇಯರ್ ಸ್ಥಾನ ಪೋಲಿಷ್ ಮೂಲದವರ ಕೈಯಲ್ಲೇ ಇತ್ತು.

ಮರೆಯಬಾರದ ಒಂದು ಪುಟ

ನಿನ್ನೆ ಅನುಮಾನಕ್ಕೆ ಗುರಿಯಾದವರು ಇಂದು ಅಧಿಕಾರ ಸಿಕ್ಕಾಗ ಹೇಗೆ ನಡೆದುಕೊಳ್ಳುತ್ತಾರೆ? ಈ ಊರಿನ ಚರಿತ್ರೆ ಅದಕ್ಕೊಂದು ಕಹಿ ಉತ್ತರವನ್ನೂ ಇಟ್ಟುಕೊಂಡಿದೆ. 1960ರ ದಶಕದಲ್ಲಿ 'ನಗರ ನವೀಕರಣ'ದ ಹೆಸರಿನಲ್ಲಿ ಕರಿಯರ ಮನೆಗಳನ್ನು ಕೆಡವಲಾಯಿತು. ನೊಂದವರು 1968ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಕರಿಯರನ್ನು ಊರಿನಿಂದ ಹೊರಹಾಕುವುದೇ ಆ ಯೋಜನೆಗಳ ಉದ್ದೇಶವಾಗಿತ್ತೆಂದು 1971ರಲ್ಲಿ ನ್ಯಾಯಾಧೀಶ ಡೇಮನ್ ಕೀತ್ ತೀರ್ಪಿತ್ತರು. ಅವರಿಗಾಗಿ ಮನೆ ಕಟ್ಟಿಕೊಡಬೇಕಾಯಿತು. ಆ ಕೆಲಸ ಮುಗಿಯಲು 2010ರವರೆಗೆ ಕಾಯಬೇಕಾಯಿತು. ಮೊಕದ್ದಮೆ ಹೂಡಿದವರಲ್ಲಿ ಎಷ್ಟೋ ಮಂದಿಗೆ ಆ ದಿನ ನೋಡುವ ಭಾಗ್ಯ ಇರಲಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ

1980ರಲ್ಲಿ ಡಾಡ್ಜ್ ಕಾರ್ಖಾನೆ ಮುಚ್ಚಿತು. ಅದಕ್ಕೂ ಮೊದಲೇ ಪೋಲಿಷರ ಮಕ್ಕಳು ಓದಿ, ಉತ್ತಮ ಕೆಲಸ ಹಿಡಿದು ಬೇರೆ ಕಡೆ ನೆಲೆಸತೊಡಗಿದ್ದರು. 1990ರಲ್ಲಿ ಜನಸಂಖ್ಯೆ 18,372ಕ್ಕೆ ಇಳಿಯಿತು. ಅಂದರೆ 1930ರಲ್ಲಿ ಇದ್ದುದರ ಮೂರನೇ ಒಂದು ಭಾಗ. ಮನೆಗಳು ಅಗ್ಗವಾದವು.

ಇತ್ತ 1965ರ ಹೊಸ ವಲಸೆ ಕಾನೂನು ಏಷ್ಯಾದವರಿಗೆ ಬಾಗಿಲು ತೆರೆದಿತ್ತು. ಕಾರು ಕಾರ್ಖಾನೆಗಳ ಕೆಲಸಕ್ಕೆ ಯೆಮನಿಗರು ಬಂದರು. ಯುದ್ಧದಿಂದ ನೊಂದ ಬೋಸ್ನಿಯಾದವರು ಬಂದರು. ಬಾಂಗ್ಲಾದೇಶದ, ಮುಖ್ಯವಾಗಿ ಸಿಲ್ಹೆಟ್ ಕಡೆಯ ಅನೇಕ ಕುಟುಂಬಗಳು ನ್ಯೂಯಾರ್ಕಿನ ದುಬಾರಿ ಬಾಡಿಗೆ ತಾಳಲಾರದೆ ಇಲ್ಲಿಗೆ ಬಂದವು. 2000ದ ಜನಗಣತಿಯಲ್ಲಿ ಜನಸಂಖ್ಯೆ ಮತ್ತೆ 22,976ಕ್ಕೆ ಏರಿತು. ಅವರಲ್ಲಿ ನೂರಕ್ಕೆ ಸುಮಾರು 41 ಮಂದಿ ಹೊರದೇಶದಲ್ಲಿ ಹುಟ್ಟಿದವರು. ಪಾಳು ಬೀಳುತ್ತಿದ್ದ ಊರಿನಲ್ಲಿ ಅಂಗಡಿಗಳ ಬಾಗಿಲು ತೆರೆಸಿದವರು, ಶಾಲೆಗಳನ್ನು ತುಂಬಿಸಿದವರು ಈ ಹೊಸಬರೇ.

ಇಲ್ಲಿ ಒಂದು ವಿಷಯ ಗಮನಿಸಿ. ಅಮೆರಿಕದ ಜನಗಣತಿಯಲ್ಲಿ ಧರ್ಮವನ್ನು ಕೇಳುವುದಿಲ್ಲ. ನಮ್ಮ ಜನಗಣತಿಯಲ್ಲಿ ಧರ್ಮದ ಕಲಮು ಇದೆ, ಅಲ್ಲಿ ಇಲ್ಲ. ಆದ್ದರಿಂದ ಆ ಊರಿನಲ್ಲಿ ಮುಸ್ಲಿಮರು ಅರ್ಧಕ್ಕಿಂತ ಹೆಚ್ಚು ಎಂಬುದು ಅಂದಾಜೇ ಹೊರತು ಸರಕಾರಿ ಲೆಕ್ಕವಲ್ಲ. ಇಷ್ಟೇ ಅಲ್ಲ, 2020ರ ಜನಗಣತಿಯವರೆಗೂ ಯೆಮನಿಗರು 'ಬಿಳಿಯರ' ಲೆಕ್ಕಕ್ಕೇ ಸೇರುತ್ತಿದ್ದರು. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕದವರಿಗೆ ಪ್ರತ್ಯೇಕ ವರ್ಗ ಬೇಕೆಂದು ಸರಕಾರ ತೀರ್ಮಾನಿಸಿದ್ದು 2024ರಲ್ಲಿ. ಲೆಕ್ಕಕ್ಕೆ ಸಿಗದ ಸಮುದಾಯದ ಕಷ್ಟವೂ ಲೆಕ್ಕಕ್ಕೆ ಸಿಗುವುದಿಲ್ಲ.

ಮತಗಟ್ಟೆಯಲ್ಲಿ ತಡೆ

1999ರ ಚುನಾವಣೆಯ ದಿನ ಮತಗಟ್ಟೆಗಳಲ್ಲಿ ಒಂದು ಗುಂಪಿನವರು ಅರಬರಂತೆ ಕಾಣುವ, ಮುಸ್ಲಿಂ ಹೆಸರಿನ ಮತದಾರರನ್ನು ತಡೆದರು. "ಇವರು ಪ್ರಜೆಗಳಲ್ಲ" ಎಂಬುದು ಅವರ ಆಕ್ಷೇಪ. ಪಾಸ್‌ಪೋರ್ಟ್ ತೋರಿಸಿದವರನ್ನೂ ಬಿಡದೆ ತಾವು ಅಮೆರಿಕದ ಪ್ರಜೆಗಳೆಂದು ಪ್ರಮಾಣ ಮಾಡಿಸಲಾಯಿತು. ಬಿಳಿಯ ಮತದಾರರಿಗೆ ಈ ಪರೀಕ್ಷೆ ಇರಲಿಲ್ಲ. ನೊಂದವರು ಕಲ್ಲು ಎತ್ತಲಿಲ್ಲ, ಮನೆಯಲ್ಲಿ ಕುಳಿತು ಕೊರಗಲೂ ಇಲ್ಲ. ವಿಷಯ ಕೇಂದ್ರ ಸರಕಾರದ ನ್ಯಾಯ ಇಲಾಖೆಯನ್ನು ತಲುಪಿತು. ಇಲಾಖೆ ನಗರಾಡಳಿತದ ಮೇಲೆ ಮೊಕದ್ದಮೆ ಹೂಡಿತು. 2000ದಲ್ಲಿ ನಗರಾಡಳಿತ ರಾಜಿಗೆ ಬಂತು. ಚುನಾವಣಾ ಸಿಬ್ಬಂದಿಗೆ ತರಬೇತಿ ಕೊಡಲು, ಅರಬಿ ಮತ್ತು ಬಂಗಾಳಿ ಬಲ್ಲವರನ್ನು ಮತಗಟ್ಟೆಗಳಲ್ಲಿ ನೇಮಿಸಲು ಒಪ್ಪಿತು. 2003ರಲ್ಲಿ ಶಹಾಬ್ ಅಹ್ಮದ್ ನಗರಸಭೆಯ ಮೊದಲ ಮುಸ್ಲಿಂ ಸದಸ್ಯರಾದರು.

ಮರುವರ್ಷ ಅಝಾನಿನ ಪ್ರಶ್ನೆ ಎದ್ದಿತು. ಅಲ್-ಇಸ್ಲಾಹ್ ಮಸೀದಿಯವರು ಧ್ವನಿವರ್ಧಕದಲ್ಲಿ ಅಝಾನ್ ಕೊಡಲು ಅನುಮತಿ ಕೇಳಿದರು. ನಗರಸಭೆಯಲ್ಲಿ ಮುಸ್ಲಿಂ ಸದಸ್ಯರು ಇದ್ದುದು ಒಬ್ಬರೇ. ಆದರೂ ಸಭೆ ಒಮ್ಮತದಿಂದ ಶಬ್ದ ನಿಯಂತ್ರಣ ನಿಯಮವನ್ನು ತಿದ್ದಿತು. ಚರ್ಚಿನ ಗಂಟೆ ಬಾರಿಸಬಹುದಾದರೆ ಅಝಾನ್ ಏಕಾಗಬಾರದು ಎಂಬುದು ಬೆಂಬಲಿಸಿದವರ ವಾದ. ವಿರೋಧಿಗಳು ಸಹಿ ಸಂಗ್ರಹಿಸಿ 2004ರ ಜುಲೈಯಲ್ಲಿ ಜನಮತ ಗಣನೆಗೆ ಒಯ್ದರು. ಅಲ್ಲೂ ಅಝಾನಿನ ಪರವಾದ ತಿದ್ದುಪಡಿಯೇ ಗೆದ್ದಿತು. ಓದುಗರೇ, ಆ ಗೆಲುವು ಕೇವಲ ಮುಸ್ಲಿಂ ಮತಗಳಿಂದ ಬಂದುದಲ್ಲ. ನೆರೆಹೊರೆಯ ಕ್ರೈಸ್ತರು ಜೊತೆ ನಿಂತುದರಿಂದ ಬಂದುದು.

ಬಹುಮತ ಬಂದ ಮೇಲೆ

2021ರಲ್ಲಿ ಯೆಮನ್‌ನಲ್ಲಿ ಹುಟ್ಟಿದ ಆಮಿರ್ ಗಾಲಿಬ್ ಮೇಯರ್ ಆಗಿ ಆಯ್ಕೆಯಾದರು. 2022ರ ಜನವರಿಯಲ್ಲಿ ಅಧಿಕಾರ ಸ್ವೀಕರಿಸಿದ ನಗರಸಭೆಯ ಆರೂ ಸದಸ್ಯರು ಮುಸ್ಲಿಮರು. ಅವರಲ್ಲೊಬ್ಬರಾದ ಅಮಾಂಡಾ ಯಾಚ್‌ಕೋವ್‌ಸ್ಕಿ ಇಸ್ಲಾಂ ಸ್ವೀಕರಿಸಿದ ಪೋಲಿಷ್ ಮೂಲದ ಮಹಿಳೆ. ಊರಿನ ಎರಡು ಚರಿತ್ರೆಗಳು ಒಬ್ಬರಲ್ಲೇ ಕೂಡಿಕೊಂಡಂತೆ.

2023ರ ಜೂನ್‌ನಲ್ಲಿ ನಗರಸಭೆಯ ಕಂಬಗಳಲ್ಲಿ ಯಾವ ಯಾವ ಧ್ವಜ ಹಾರಿಸಬಹುದೆಂದು ಮಿತಿಗೊಳಿಸುವ ನಿರ್ಣಯ ಬಂತು. ಸಲಿಂಗಿಗಳ ಧ್ವಜಕ್ಕೆ ಇದರಿಂದ ಅವಕಾಶ ತಪ್ಪಿತು. ದೇಶದಾದ್ಯಂತ ಚರ್ಚೆಯಾಯಿತು. ಧರ್ಮದ ದೃಷ್ಟಿಯಿಂದ ಈ ವಿಷಯದಲ್ಲಿ ನಮ್ಮ ನಿಲುವು ಏನೇ ಇರಲಿ, ಒಂದು ಮಾತು ಯೋಚಿಸುವಂಥದ್ದು. ಹಿಂದೆ ಮುಸ್ಲಿಮರ ಹಕ್ಕಿಗಾಗಿ ಜೊತೆ ನಿಂತಿದ್ದ ಕೆಲವರು "ನಮ್ಮ ಸರದಿ ಬಂದಾಗ ನೀವು ಎಲ್ಲಿದ್ದಿರಿ?" ಎಂದು ಕೇಳುವಂತಾಯಿತು. ಆ ಪ್ರಶ್ನೆಯನ್ನು ಸಿಟ್ಟಿನಿಂದ ತಳ್ಳಿಹಾಕುವುದು ಸುಲಭ. ಅದಕ್ಕೆ ನ್ಯಾಯಯುತವಾದ ಉತ್ತರ ಹುಡುಕುವುದು ಅಧಿಕಾರ ಹಿಡಿದವರ ಹೊಣೆ.

ವಿದ್ಯಾರ್ಥಿ ಮಿತ್ರರೇ, ಈ ಊರಿನಲ್ಲಿ ಜರ್ಮನರು, ಪೋಲಿಷರು, ಕರಿಯರು, ಯೆಮನಿಗರು, ಬಂಗಾಳಿಗಳು ಎಲ್ಲರೂ ಒಂದಲ್ಲ ಒಂದು ಕಾಲಕ್ಕೆ ಹೊಸಬರೇ. ಯಾರ ಬಹುಮತವೂ ಶಾಶ್ವತವಾಗಿ ಉಳಿಯಲಿಲ್ಲ. ಉಳಿದದ್ದು ಮತದಾರರ ಪಟ್ಟಿಯಲ್ಲಿನ ಹೆಸರು, ಶಾಲೆಯಲ್ಲಿ ಕಲಿತ ವಿದ್ಯೆ, ಕಾನೂನಿನ ತಿಳಿವಳಿಕೆ ಮತ್ತು ನೆರೆಯವರೊಂದಿಗಿನ ವಿಶ್ವಾಸ. ನಮ್ಮ ಸಂಖ್ಯೆ ಎಷ್ಟು ಎಂಬುದು ನಮ್ಮ ಕೈಯಲ್ಲಿಲ್ಲ. ಈ ನಾಲ್ಕನ್ನು ಗಳಿಸುವುದು ಖಂಡಿತ ನಮ್ಮ ಕೈಯಲ್ಲಿದೆ. ಕಡಿಮೆ ಸಂಖ್ಯೆಯಲ್ಲಿರುವಾಗ ಹಕ್ಕು ಕೇಳುವ ಧೈರ್ಯವನ್ನೂ ಹೆಚ್ಚು ಸಂಖ್ಯೆಯಲ್ಲಿರುವಾಗ ಹಕ್ಕು ಕೊಡುವ ಮನಸ್ಸನ್ನೂ ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.