ಒಂದು ಪದ, ಎರಡು ಅರ್ಥ

1824ನೇ ಇಸವಿ ಎಂದೊಡನೆ ಬೈಲಹೊಂಗಲ, ಕಿತ್ತೂರು ಸೀಮೆಯ ಜನರಿಗೆ ನೆನಪಾಗುವುದು ರಾಣಿ ಚನ್ನಮ್ಮ ಮತ್ತು ಧಾರವಾಡದ ಕಲೆಕ್ಟರ್ ಥ್ಯಾಕರೆ. ಅದೇ ವರ್ಷ ದೂರದ ಮದರಾಸಿನಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ ಪಾದ್ರಿ ವಿಲಿಯಂ ರೀವ್ ಸಿದ್ಧಪಡಿಸಿದ ಇಂಗ್ಲಿಷ್–ಕನ್ನಡ ನಿಘಂಟು ಅಲ್ಲಿ ಅಚ್ಚಾಯಿತು. ಇಂಗ್ಲಿಷ್ ಪದಕ್ಕೆ ಕನ್ನಡದ ಅರ್ಥ ಹುಡುಕಲು ಮುದ್ರಿತ ಪುಸ್ತಕ ದೊರೆತದ್ದೂ, ಒಂದು ಪದದ ಅರ್ಥಕ್ಕಾಗಿ ಕಿತ್ತೂರಿನಲ್ಲಿ ರಕ್ತ ಹರಿದದ್ದೂ ಒಂದೇ ವರ್ಷ.

ಆ ಪದ ‘ದತ್ತಕ’. ಇಂಗ್ಲಿಷಿನ ‘ಅಡಾಪ್ಷನ್’ ಎಂಬುದಕ್ಕೆ ಅದೇ ಸಮಾನಾರ್ಥಕವೆಂದು ಶಾಲಾ ಹುಡುಗರೂ ಹೇಳುತ್ತಾರೆ. ಆದರೆ ನಮ್ಮಲ್ಲಿ ದತ್ತಕನೆಂದರೆ ಮನೆತನದ ಹೆಸರು, ಆಸ್ತಿ, ಗದ್ದುಗೆ ಎಲ್ಲಕ್ಕೂ ವಾರಸುದಾರ. ಇಂಗ್ಲೆಂಡಿನಲ್ಲೋ, ದತ್ತು ಸ್ವೀಕಾರಕ್ಕೆ ಕಾನೂನಿನ ಮಾನ್ಯತೆ ಬಂದದ್ದೇ 1926ರಲ್ಲಿ! ಪದವಿತ್ತು, ಅದರ ಹಿಂದೆ ಹಕ್ಕು ಇರಲಿಲ್ಲ. ದೊರೆ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರ್‌ನಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ ಶಿವಲಿಂಗಪ್ಪನ ದತ್ತಕವನ್ನು ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಆತ ಹತನಾದ. ಡಿಸೆಂಬರ್‌ನಲ್ಲಿ ಕೋಟೆ ಕಂಪನಿಯ ವಶವಾಯಿತು. ಚನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ಕಣ್ಮುಚ್ಚಿದಳು.

ಕಿತ್ತೂರಿನವರ ಕೈಗೆ ಸೆರೆಸಿಕ್ಕು ಬಿಡುಗಡೆಯಾದ ವಾಲ್ಟರ್ ಎಲಿಯಟ್ ಎಂಬ ತರುಣ ಅಧಿಕಾರಿ ಮುಂದೆ ಕನ್ನಡ ನಾಡಿನ ಶಾಸನಗಳನ್ನು ನಕಲು ಮಾಡಿಸಿ ಸಂಗ್ರಹಿಸಿದ. ಸವದತ್ತಿಯ ರಟ್ಟರ ಶಾಸನಗಳನ್ನು ಫ್ಲೀಟ್ ಇಂಗ್ಲಿಷಿಗೆ ತಂದ. ರೀವ್‌ನ ಕನ್ನಡ–ಇಂಗ್ಲಿಷ್ ಕೋಶ 1832ರಲ್ಲಿ ಬಂತು. ಶಾಲೆಗಳಿಗೆಂದೇ ಜೀಗ್ಲರ್ ರಚಿಸಿದ ಇಂಗ್ಲಿಷ್–ಕನ್ನಡ ನಿಘಂಟನ್ನು ಬಾಸೆಲ್ ಮಿಷನ್ ಮಂಗಳೂರಿನಲ್ಲಿ 1876ರಲ್ಲಿ ಅಚ್ಚುಹಾಕಿತು. 1894ರಲ್ಲಿ ಹೊರಬಂದ ಕಿಟ್ಟೆಲ್ ಕೋಶದಲ್ಲಿ ಸುಮಾರು 70,000 ಪದಗಳಿವೆ. ಹಳೆಯ ಕನ್ನಡ ನಿಘಂಟುಗಳು ಪದ್ಯದಲ್ಲಿದ್ದವು. ಒಂದೇ ಅರ್ಥದ ಪದಗಳನ್ನು ಸಾಲಾಗಿ ಬಾಯಿಪಾಠ ಮಾಡುವುದೇ ಆಗಿನ ಪದಸಂಪತ್ತು. ಅಕಾರಾದಿಯಾಗಿ ಪುಟ ತಿರುವುವ ಪದ್ಧತಿ ರೂಢಿಗೆ ಬಂದದ್ದು ಈ ಪಾದ್ರಿಗಳ ಕಾಲದಲ್ಲಿ. ವಿರುದ್ಧ ಪದಗಳಿಗೆ ಅಲ್ಲಿ ಅಷ್ಟು ಜಾಗ ಸಿಗಲಿಲ್ಲ.

ದತ್ತಕಕ್ಕೆ ವಿರುದ್ಧ ಪದ ಯಾವುದು? ಶಾಸ್ತ್ರ ಬಲ್ಲವರು ‘ಔರಸ’ ಎನ್ನುತ್ತಾರೆ. ಕಂಪನಿಯ ಕಡತಗಳನ್ನು ಕೇಳಿದರೆ ಉತ್ತರ ‘ಲ್ಯಾಪ್ಸ್’! ಡಾಲ್‌ಹೌಸಿಯ ಕಾಲದಲ್ಲಿ, 1848ರಿಂದ 1856ರವರೆಗೆ, ಹೆಸರು ಕೆಡಿಸಿಕೊಂಡ ಆ ನೀತಿಯ ಪೆಟ್ಟು ಕಿತ್ತೂರಿಗೆ ಎರಡು ದಶಕ ಮೊದಲೇ ಬಿದ್ದಿತ್ತು. ಮುಂದಿನ ಪೆಟ್ಟು ನರಗುಂದಕ್ಕೆ. ದತ್ತಕಕ್ಕೆ ಅನುಮತಿ ಸಿಗದೆ ಕುದಿಯುತ್ತಿದ್ದ ಬಾಬಾಸಾಹೇಬ ಭಾಸ್ಕರರಾವ್ ಭಾವೆ 1858ರ ಮೇ ತಿಂಗಳಲ್ಲಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಲ್ಲಿಸಿದ. ಜೂನ್‌ನಲ್ಲಿ ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯಿತು, ಸಂಸ್ಥಾನ ಹೋಯಿತು.

ರಾಮದುರ್ಗವೂ ಅದೇ ಭಾವೆ ಮನೆತನದ್ದು. ಅಲ್ಲಿನ ದೊರೆ ಬಾಬಾಸಾಹೇಬನ ಮಲಸಹೋದರ. ಆದರೆ ಆತ ದಂಗೆಗೆ ಕೈಜೋಡಿಸಲಿಲ್ಲ. 1857ರ ಬೆಂಕಿ ಆರಿದ ಮೇಲೆ ಬ್ರಿಟಿಷರು ನೀತಿ ಬದಲಿಸಿ ಸಂಸ್ಥಾನಿಕರಿಗೆ ದತ್ತಕದ ಸನದು ಕೊಟ್ಟರು; ರಾಮದುರ್ಗಕ್ಕೂ ಅದು ದೊರೆಯಿತು. ಕಿತ್ತೂರು, ನರಗುಂದಗಳು ಯಾವ ಪದಕ್ಕಾಗಿ ಅಳಿದವೋ, ಅದೇ ಪದವನ್ನು ಸರ್ಕಾರಿ ಕಾಗದದಲ್ಲಿ ಬರೆಸಿಕೊಂಡ ರಾಮದುರ್ಗ 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗುವವರೆಗೂ ಸಂಸ್ಥಾನವಾಗಿಯೇ ಉಳಿಯಿತು.